ಸ್ಯಾಂಪಲ್ ಫ್ಲ್ಯಾಟಿನ ನಲ್ಲಿಯಲ್ಲಿ ನೀರಿರಲಿಲ್ಲ

ಬೆಲೆಯನ್ನು ಮೊದಲೇ ಹೇಳಿಬಿಡುವುದು ನನ್ನ ಪದ್ಧತಿ. ಈಗ ಹೇಳಲಿರುವ ಪಾಠಕ್ಕೆ ನಾನು ತೆತ್ತದ್ದು ಟಿಟ್ವಾಳಾದ ಒಂದು ಇಡೀ ಪ್ರಾಜೆಕ್ಟು, ಎಂಟು ವರ್ಷ ಹಿಂದೆಮುಂದೆ ಓಡಾಡಿ ಬೆಳೆಸಿಕೊಂಡಿದ್ದ ಒಬ್ಬ ಬಿಲ್ಡರನ ಪರಿಚಯ, ಮತ್ತು ಗಂಡ ಹಾಲ್‌ನಲ್ಲಿ, ನಾನು ಒಳಕೋಣೆಯಲ್ಲಿ ಮಲಗಿ ಕಳೆದ ಒಂದೂವರೆ ವರ್ಷ. ಯಾಕೆ ತೆತ್ತೆ ಎಂದರೆ, ಹೇಳಬೇಕಾದ ಒಂದು ಮಾತನ್ನು ಹೇಳಬೇಕಾದವರಿಗೆ ಹೇಳಲಿಲ್ಲ. ಬಿಲ್ಡರನ ಎದುರು ಕುಳಿತು ಪಾರ್ಕಿಂಗ್, ಮೀಟರ್, ಕಿಟಕಿಯ ಗ್ರಿಲ್ಲು ಎಲ್ಲವನ್ನೂ ಬಿಟ್ಟಿ ಹಾಕಿಸಿಕೊಂಡು ಬರುವ ಬಾಯಿ ನನ್ನದು. ಆ ಬಾಯಿಗೆ "ನನಗೆ ಮೂತ್ರ ತಡೆಯಲು ಆಗುತ್ತಿಲ್ಲ" ಎಂಬ ಮಾತು ಮಾತ್ರ ಬರಲಿಲ್ಲ.

ನಾನು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಫ್ಲ್ಯಾಟ್ ಕೊಡಿಸುವ ದಲಾಲಿ. ಗದಗದ ಕಡೆಯವಳು. ಗಂಡ ಶಹಾಡಿನ ಕಾರ್ಖಾನೆಯೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದು ಈಗ ನಿವೃತ್ತರು. ನನ್ನ ಗಿರಾಕಿಗಳು ಹೆಚ್ಚಾಗಿ ನಮ್ಮ ಕಡೆಯ ನೌಕರಿಯವರು; ಠಾಣೆಯಲ್ಲಿ ಬಾಡಿಗೆ ಕಟ್ಟಿ ಸಾಕಾಗಿ, ಕಲ್ಯಾಣದ ಆಚೆಗಾದರೂ ಸ್ವಂತದ್ದು ಇರಲಿ ಎನ್ನುವವರು.

ನಮ್ಮ ಕೆಲಸದಲ್ಲಿ ಎಲ್ಲೂ ಬರೆಯದ ಒಂದು ನಿಯಮವಿದೆ: ಸೈಟಿಗೆ ಹೋದ ಮೇಲೆ ಗಿರಾಕಿಯ ಪಕ್ಕದಿಂದ ಕದಲಬಾರದು. ಸೇಲ್ಸ್ ಆಫೀಸಿನ ಮೇಜಿನ ಮೇಲೆ ಒಂದು ಫಾರ್ಮ್ ಇರುತ್ತದೆ. ಬಂದವರ ಹೆಸರು, ಫೋನ್ ನಂಬರು, ಕೊನೆಯಲ್ಲಿ "ಯಾರ ಮೂಲಕ ಬಂದಿರಿ" ಎಂಬ ಖಾನೆ. ದಲಾಲಿ ಐದು ನಿಮಿಷ ಆಚೆ ಹೋದರೆ ಸಾಕು, ಅಲ್ಲಿನ ಹುಡುಗಿಯರು ನಗುನಗುತ್ತ ಆ ಖಾನೆಯಲ್ಲಿ "ನೇರ" ಎಂದು ತುಂಬಿಸಿಬಿಡುತ್ತಾರೆ. ಗಿರಾಕಿಗೆ ಅದರ ಅರ್ಥ ತಿಳಿಯದು. ನಮಗೆ ಮೂರು ತಿಂಗಳ ಓಡಾಟ ಮಣ್ಣುಪಾಲು. ಹಾಗಾಗಿ ಈ ಕಸುಬಿನಲ್ಲಿರುವ ಹೆಂಗಸರೆಲ್ಲ ಕಲಿತ ಮೊದಲ ವಿದ್ಯೆಯೆಂದರೆ ಬೆಳಿಗ್ಗೆಯಿಂದ ನೀರು ಕುಡಿಯದಿರುವುದು, ಎರಡನೆಯದು ಸಂಜೆವರೆಗೆ ತಡೆದುಕೊಳ್ಳುವುದು. ಐವತ್ತರ ಹೊಸ್ತಿಲ ತನಕ ನಾನು ಇದರಲ್ಲಿ ಪಂಟರಾಗಿದ್ದೆ.

ನಲವತ್ತೊಂಬತ್ತಕ್ಕೆ ಮುಟ್ಟು ನಿಂತಿತು. ಒಂದು ಕಾಟ ತಪ್ಪಿತು ಎಂದುಕೊಂಡೆ. ವರ್ಷ ತುಂಬುವುದರೊಳಗೆ ಬೇರೆಯದು ಶುರುವಾಯಿತು. ಅರ್ಧ ತಾಸಿಗೊಮ್ಮೆ ಅವಸರ, ಹೋದರೆ ನಾಲ್ಕೇ ಹನಿ, ಹೋಗುವಾಗ ಮೆಣಸಿನಕಾಯಿ ಹಚ್ಚಿದಂತೆ ಉರಿ. ಕೆಮ್ಮಿದರೆ, ಲೋಕಲ್ ಹಿಡಿಯಲು ಓಡಿದರೆ ಸೀರೆ ಒದ್ದೆ. ಮನೆ ಹತ್ತಿರದ ಡಾಕ್ಟರು "ಇನ್ಫೆಕ್ಷನ್" ಎಂದು ಮಾತ್ರೆ ಬರೆದರು. ಐದು ದಿನ ನುಂಗಿದೆ, ಕಡಿಮೆಯಾದಂತಾಯಿತು, ಮತ್ತೆ ಬಂತು. ಮತ್ತೆ ಮಾತ್ರೆ, ಈ ಸಲ ಇನ್ನೂ ದುಬಾರಿಯದು. ಹೀಗೆ ಐದು ಸಲ. ಒಂದು ಸಲವೂ ಮೂತ್ರ ಪರೀಕ್ಷೆಗೆ ಕಳಿಸಲಿಲ್ಲ, ನಾನೂ ಕೇಳಲಿಲ್ಲ. ಗಿರಾಕಿಗೆ ಮೂವತ್ತು ವರ್ಷದ ಕಾಗದಪತ್ರ ನೋಡದೆ ಮುಂಗಡದ ಟೋಕನ್ ಕೊಡಬೇಡಿ ಎನ್ನುವವಳು ನಾನು!

ಇನ್ನೊಂದು ಸಂಗತಿಯೂ ಇತ್ತು. ಗಂಡ ಹತ್ತಿರ ಬಂದರೆ ಬ್ಲೇಡಿನಿಂದ ಗೀರಿದ ಹಾಗೆ ನೋವು. ಎರಡು ಸಲ ಹಲ್ಲು ಕಚ್ಚಿದೆ, ಮೂರನೆಯ ಸಲ ದೂಡಿಬಿಟ್ಟೆ. ಅವರು ಹಾಸಿಗೆ ಸುತ್ತಿಕೊಂಡು ಹಾಲ್‌ಗೆ ಹೋದರು. ವಾರದ ಮೇಲೆ ಚಹಾ ಕುಡಿಯುವಾಗ ಕೇಳಿದರು, "ನನ್ನ ಮ್ಯಾಲೆ ಸಿಟ್ಟೇನ?"

"ಸಿಟ್ಟಿಲ್ಲ. ದಣಿವಾಗೇತಿ," ಎಂದೆ.

ಅಷ್ಟಕ್ಕೇ ಮಾತು ಮುಗಿದು ಒಂದೂವರೆ ವರ್ಷವಾಯಿತು.

ದಸರೆ ಕಳೆದ ಮೇಲೆ ಕಲಬುರಗಿ ಕಡೆಯ ಒಂದು ಕುಟುಂಬವನ್ನು ಕಲ್ಯಾಣದ ಆಚೆಯ ಟಿಟ್ವಾಳಾ ಸೈಟಿಗೆ ಕರೆದೊಯ್ದಿದ್ದೆ. ಆ ಪ್ರಾಜೆಕ್ಟು ಆಗಿನ್ನೂ ಪಾಯದಲ್ಲಿತ್ತು. ತೋರಿಸಲು ಇದ್ದದ್ದು ಸೇಲ್ಸ್ ಆಫೀಸು, ಅದರ ಮಾಳಿಗೆಯ ಮೇಲೆ ಪ್ಲೈವುಡ್ಡಿನಲ್ಲಿ ಕಟ್ಟಿ ಸಿಂಗರಿಸಿದ್ದ ಸ್ಯಾಂಪಲ್ ಫ್ಲ್ಯಾಟು. ಬೆಲೆಯ ಮಾತು ಹದಕ್ಕೆ ಬರುತ್ತಿತ್ತು. ಅಷ್ಟರಲ್ಲಿ ನನಗೆ ಅವಸರ ಹತ್ತಿತು. ಕಾಲು ಹೊಸೆದೆ, ಬೆವರಿದೆ. ಎದ್ದು ಕೇಳಿದರೆ ಅಲ್ಲಿನ ಹುಡುಗಿ, "ಮೇಡಂ, ಲೇಬರ್ ಕ್ಯಾಂಪ್ ಹಿಂದೆ ಇದೆ, ಆದರೆ ಗಂಡಸರದ್ದು," ಎಂದಳು.

ನಾನು ಮಾಳಿಗೆ ಹತ್ತಿದೆ. ಸ್ಯಾಂಪಲ್ ಫ್ಲ್ಯಾಟಿನ ಬಾತ್‌ರೂಮು, ಬಿಳಿ ಕಮೋಡು, ಫ್ಲಶ್ ಟ್ಯಾಂಕಿನ ಮೇಲೆ ಪ್ಲಾಸ್ಟಿಕ್ಕಿನ ನೇರಳೆ ಆರ್ಕಿಡ್ ಹೂವು. ಅದು ಬರೀ ಶೋಕಿಯದು, ಪೈಪಿಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇನ್ನೂರು ಗಿರಾಕಿಗಳನ್ನು ಅಲ್ಲಿ ನಿಲ್ಲಿಸಿ "ಬ್ರಾಂಡೆಡ್ ಫಿಟಿಂಗ್ಸ್" ಎಂದು ಕೈ ತೋರಿಸಿದವಳು. ಆದರೆ ಆ ಗಳಿಗೆಯಲ್ಲಿ ತಿಳಿವಳಿಕೆ ಕೆಲಸಕ್ಕೆ ಬರಲಿಲ್ಲ. ಕೂತೆ. ಮುಗಿದ ಮೇಲೆ ನಲ್ಲಿ ತಿರುಗಿಸಿದೆ. ಗಾಳಿಯೂ ಬರಲಿಲ್ಲ. ಕಮೋಡಿನ ಹಿಂದಿನಿಂದ ಹೊರಬಂದದ್ದು ಪ್ಲೈವುಡ್ಡಿನ ಸಂದಿಯಲ್ಲಿ ಇಳಿದು ಕೆಳಗಿನ ಸೇಲ್ಸ್ ಮೇಜಿನ ಅಂಚಿಗೆ ತೊಟ್ಟಿಕ್ಕಿತು.

ನಾನು ಕೆಳಗಿಳಿದಾಗ ಸೇಲ್ಸ್ ಮುಖ್ಯಸ್ಥ ಮೇಲೆ ನೋಡುತ್ತ ನಿಂತಿದ್ದ. ನನಗಿಂತ ಹತ್ತು ವರ್ಷ ಚಿಕ್ಕವನು, ಅಕ್ಕಾ ಅಕ್ಕಾ ಎನ್ನುತ್ತಿದ್ದವನು. ಎಲ್ಲರೆದುರು ಮೆಲ್ಲಗೆ ನಕ್ಕು, "ಅಕ್ಕಾ, ವೋ ಸ್ಯಾಂಪಲ್ ಹೈ. ಸಿರ್ಫ್ ದೇಖನೇ ಕೆ ಲಿಯೇ," ಎಂದ. ಬರೀ ನೋಡಲಿಕ್ಕಂತೆ. ಹುಡುಗಿಯರು ಫೈಲುಗಳ ಹಿಂದೆ ಮುಖ ಅಡಗಿಸಿಕೊಂಡರು. ನನ್ನ ಗಿರಾಕಿಗಳ ಫಾರ್ಮ್ ಅಷ್ಟರಲ್ಲಿ ತುಂಬಿಯಾಗಿತ್ತು: ನೇರ.

ಹೊರಡುವಾಗ ಅವನು ಗೇಟಿನ ತನಕ ಬಂದು ಸಲಹೆ ಕೊಟ್ಟ. "ಅಕ್ಕಾ, ವಯಸ್ಸಾಯಿತು. ನೀವು ಡೊಂಬಿವಲಿಯಲ್ಲೇ ಕೂತು ಫೋನ್ ನೋಡಿಕೊಳ್ಳಿ. ಸೈಟಿಗೆ ಯಾರಾದರೂ ಚಿಕ್ಕ ಹುಡುಗಿಯನ್ನು ಕಳಿಸಿ. ಪಾಡ್ವಾಕ್ಕೆ, ಅಂದರೆ ನಿಮ್ಮ ಯುಗಾದಿಗೆ, ಮಾರಾಟದ ದೊಡ್ಡ ಲಾಂಚ್ ಇದೆ, ಆಗ ಇಂಥದ್ದೆಲ್ಲ ಆಗಬಾರದು."

ಬೈದಿದ್ದರೆ ಮರೆಯುತ್ತಿದ್ದೆ. ಸೈಟಿಗೆ ಹೋಗದ ದಲಾಲಿ ಫೋನ್ ಎತ್ತುವ ಗುಮಾಸ್ತೆ ಅಷ್ಟೇ. ಅವನು ನನ್ನ ಕಸುಬನ್ನೇ ಕಿತ್ತುಕೊಂಡು, ಅದನ್ನು ಕಾಳಜಿ ಎಂದು ಹೇಳುತ್ತಿದ್ದ. ವಾಪಸು ಲೋಕಲ್‌ನಲ್ಲಿ ನಿಂತು ಬರುವಾಗ ತೀರ್ಮಾನಿಸಿದೆ: ಪಾಡ್ವಾದ ಲಾಂಚಿಗೆ ನಾನೇ ಹೋಗುತ್ತೇನೆ, ಈ ಕಾಲುಗಳ ಮೇಲೆ, ಒಣ ಸೀರೆಯಲ್ಲಿ.

ಠಾಣೆಯ ನೌಪಾಡಾದಲ್ಲಿ ಒಬ್ಬ ಲೇಡಿ ಡಾಕ್ಟರ್ ಇದ್ದರು, ಉಡುಪಿ ಕಡೆಯವರು. ಹಿಂದೊಮ್ಮೆ ಅವರ ತಂಗಿಗೆ ಫ್ಲ್ಯಾಟ್ ಕೊಡಿಸಿದ್ದೆ. ಅವರೆದುರು ಕೂತು ಐದು ಚೀಟಿಗಳನ್ನು ಮೇಜಿನ ಮೇಲೆ ಹರಡಿದೆ.

"ಕಲ್ಚರ್ ರಿಪೋರ್ಟ್ ಎಲ್ಲಿ?"

"ಮಾಡಿಸಿಲ್ಲರೀ."

"ಎಂತ ಮಾರಾಯ್ರೆ, ಯಾವ ಕ್ರಿಮಿ ಅಂತ ನೋಡದೆ ಐದು ಸಲ ಆಂಟಿಬಯಾಟಿಕ್ ನುಂಗಿದ್ದಾ? ಮನೆ ಯಾರದ್ದು ಅಂತ ಕೇಳದೆ ಐದು ಸಲ ಅಡ್ವಾನ್ಸ್ ಕೊಟ್ಟ ಹಾಗೆ ಆಯ್ತಲ್ಲ." ಪೆನ್ನು ಕೆಳಗಿಟ್ಟು ನೇರವಾಗಿ ಕೇಳಿದರು, "ಗಂಡ ಹೆಂಡತಿ ಒಟ್ಟಿಗೆ ಇರ್ಲಿಕ್ಕೆ ಆಗ್ತದಾ?"

"ಅದನ್ನ ಬಂದ್ ಮಾಡೀವಿ ಡಾಕ್ಟ್ರ."

"ಬಂದ್ ಮಾಡ್ಲಿಕ್ಕೆ ಅದೇನು ಅಂಗಡಿಯಾ? ನೋಯ್ತದಾ, ಇಲ್ಲ ಬೇಡ ಅನ್ನಿಸ್ತದಾ? ಎರಡೂ ಬೇರೆ ಬೇರೆ."

ಅದನ್ನು ಅದುವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ. ನೋಯುತ್ತದೆ ಎಂದೆ. ಕರ್ಚೀಫು ಹುಡುಕುವ ನೆಪದಲ್ಲಿ ಪರ್ಸು ಕೆದಕಿದೆ.

ಅವರು ಪರೀಕ್ಷೆ ಮಾಡಿದರು. ಸ್ತನ, ಒಳಭಾಗ, ಸೋನೋಗ್ರಫಿ, ರಕ್ತ, ಮೂತ್ರದ ಕಲ್ಚರ್. ಮನೆಯಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಇತ್ತೇ, ಮುಟ್ಟು ನಿಂತ ಮೇಲೆ ಎಂದಾದರೂ ರಕ್ತ ಕಂಡಿದೆಯೇ ಎಂದು ಎರಡೆರಡು ಸಲ ಕೇಳಿದರು. ಇಲ್ಲವೆಂದೆ. ಕಲ್ಚರಿನಲ್ಲಿ ಕ್ರಿಮಿಯೇ ಬೆಳೆಯಲಿಲ್ಲ. ಅಂದರೆ ಆ ಹೊತ್ತಿನ ಉರಿ ಇನ್ಫೆಕ್ಷನ್ನಿನದಲ್ಲ. ಆದರೆ ಸಕ್ಕರೆ ಗಡಿಯ ಮೇಲೆ ಬಂದು ನಿಂತಿತ್ತು.

ಅವರು ಹೇಳಿದ್ದು ಇಷ್ಟು. ಅಂಡಾಶಯ ಈಸ್ಟ್ರೋಜನ್ ಎಂಬ ಹಾರ್ಮೋನು ಮಾಡುವುದನ್ನು ನಿಲ್ಲಿಸಿದಾಗ ಮುಟ್ಟೊಂದೇ ನಿಲ್ಲುವುದಿಲ್ಲ. ಯೋನಿಯ ಒಳಪದರ, ಮೂತ್ರನಾಳ, ಮೂತ್ರಕೋಶದ ಬಾಯಿ ಎಲ್ಲಕ್ಕೂ ಆ ಹಾರ್ಮೋನೇ ಆಧಾರ. ಅದು ಇಳಿದರೆ ಪದರ ತೆಳುವಾಗಿ ಒಣಗುತ್ತದೆ, ಉರಿಯುತ್ತದೆ, ಗೀರುತ್ತದೆ. ಅಲ್ಲಿ ಕಾವಲಿದ್ದ ಒಳ್ಳೆಯ ಕ್ರಿಮಿಗಳು ಕಡಿಮೆಯಾಗಿ ಕೆಟ್ಟವು ಸುಲಭವಾಗಿ ಸೇರುತ್ತವೆ. ಸೊಂಟದ ಕೊಬ್ಬು ಹೊಟ್ಟೆಗೆ ಸರಿಯುತ್ತದೆ, ಸಕ್ಕರೆ ಏರಲು ದಾರಿಯಾಗುತ್ತದೆ. ನಾನು ಮೂರು ಬೇರೆ ರೋಗ ಎಂದುಕೊಂಡಿದ್ದರ ಹಿಂದೆ ಒಂದೇ ಕಾರಣ ಕೂತಿತ್ತು.

"ಮತ್ತ ನೀರು ಕುಡೀದ ಇರೋದು?" ಎಂದು ಕೇಳಿದೆ.

"ಅದು ನೀವೇ ಹಾಕಿದ ಬೆಂಕಿ," ಎಂದರು.

ಔಷಧ ಮೂರು ಬಗೆಯದು. ಒಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮು, ಎರಡು ವಾರ ದಿನಾ ಮಲಗುವಾಗ, ಆಮೇಲೆ ವಾರಕ್ಕೆರಡು ಸಲ. ಕೆಳಗಿನ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮ, ಅದನ್ನು ಕಲಿಸಲು ಫಿಸಿಯೋ. ಮೂರನೆಯದು ಮೂರು ದಿನದ ಪಟ್ಟಿ: ಎಷ್ಟು ಕುಡಿದೆ, ಎಷ್ಟು ಹೋಯಿತು, ಯಾವಾಗ ಅವಸರವಾಯಿತು, ಯಾವಾಗ ಸೋರಿತು.

ನಾನು ಅಭ್ಯಾಸಬಲದಿಂದ ಚೌಕಾಸಿಗಿಳಿದೆ. "ಪಾಡ್ವಾದ ಒಳಗ ಆಗ್ತದೇನ್ರಿ? ಪೂರಾ ಗ್ಯಾರಂಟಿ?"

"ಗ್ಯಾರಂಟಿ ನಿಮ್ಮ ಬಿಲ್ಡರ್ ಕೊಡ್ತಾನೆ, ನಾನಲ್ಲ. ಎರಡು ಮೂರು ತಿಂಗಳು ಬಿಡದೆ ಹಚ್ಚಿ. ಉರಿ, ಒಣಗುವುದು ತುಂಬ ಕಡಿಮೆ ಆದೀತು. ಸಕ್ಕರೆ ಇದರಿಂದ ಇಳಿಯುದಿಲ್ಲ, ಅದಕ್ಕೆ ನಡೀಬೇಕು, ಚಹಾದ ಸಕ್ಕರೆ ಬಿಡ್ಬೇಕು."

ಇಲ್ಲಿ ನಾನೊಂದು ತಪ್ಪು ಮಾಡಿದೆ. ಡೊಂಬಿವಲಿಯ ಔಷಧ ಅಂಗಡಿಯವನು ಚೀಟಿ ನೋಡಿ, ಆರು ಜನರ ಎದುರಿಗೆ, "ಕಾಕೂ, ಹಾರ್ಮೋನ್? ಡೇಂಜರ್ ಅಸ್ತಂ ಹೇ," ಎಂದ. ಹಚ್ಚತೊಡಗಿದರೂ ಆ ಮಾತು ತಲೆಯಿಂದ ಹೋಗಲಿಲ್ಲ, ಒಂದು ರಾತ್ರಿ ಡಬ್ಬಿಯೊಳಗಿನ ಕಾಗದ ಬಿಡಿಸಿದೆ. ಕ್ಯಾನ್ಸರ್, ಹೃದಯ, ಪಾರ್ಶ್ವವಾಯು, ಎಲ್ಲ ಅದರಲ್ಲಿತ್ತು. ಒಂಬತ್ತು ದಿನ ಹಚ್ಚಿದ್ದೆ, ಹತ್ತನೆಯ ದಿನ ಬಿಟ್ಟೆ. ಡಾಕ್ಟರಿಗೆ ಫೋನ್ ಕೂಡ ಮಾಡಲಿಲ್ಲ. ಮೂರು ವಾರದ ಮೇಲೆ ಕಲ್ಯಾಣದಲ್ಲಿ ರಿಜಿಸ್ಟ್ರಿ ಮಾಡಿಸುತ್ತಿದ್ದಾಗ ಚಳಿ ಜ್ವರ ಹಿಡಿಯಿತು, ಮೂತ್ರದಲ್ಲಿ ರಕ್ತ. ಈ ಸಲ ಕಲ್ಚರಿನಲ್ಲಿ ಕ್ರಿಮಿ ಸಿಕ್ಕಿತು, ಅದಕ್ಕೆ ಸರಿಯಾದ ಔಷಧವೂ ಸಿಕ್ಕಿತು.

ಡಾಕ್ಟರು ಬೈಯಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದರು. "ಅಗ್ರಿಮೆಂಟಿನ ಕಾಗದ ಓದಿ ಹೆದರಿದ ಗಿರಾಕಿ ನಿಮಗೊಂದು ಫೋನ್ ಮಾಡದೆ ಓಡಿದ್ರೆ ನೀವು ಎಂತ ಹೇಳ್ತೀರಿ?"

"ಹುಚ್ಚ ಅಂತೀನಿ."

"ಹಾಂ. ಆ ಕಾಗದದ್ದು ಹೆಚ್ಚಿನದು ನುಂಗುವ ದೊಡ್ಡ ಡೋಸಿನ ಕಥೆ. ಇದು ಹಚ್ಚುವ ಜಾಗದಲ್ಲೇ ಕೆಲಸ ಮಾಡ್ತದೆ, ರಕ್ತಕ್ಕೆ ಹೋಗುವುದು ತೀರ ಸ್ವಲ್ಪ. ಯಾರಿಗೆ ಕೊಡಬಾರದು ಅಂತ ನೋಡ್ಲಿಕ್ಕೇ ಅಷ್ಟೆಲ್ಲ ಟೆಸ್ಟ್ ಮಾಡಿಸಿದ್ದು. ಹೆದರಿಕೆ ಆದ್ರೆ ಕೇಳಿ. ಬಿಡುವ ಮೊದಲು ಕೇಳಿ."

ಜ್ವರದಲ್ಲಿ ಮಲಗಿದ್ದಾಗ ಗಂಡನಿಗೆ ಎಲ್ಲ ಹೇಳಿದೆ. ನೋವಿನದೂ, ಸ್ಯಾಂಪಲ್ ಫ್ಲ್ಯಾಟಿನದೂ. ಅವರು ನನ್ನ ಹಣೆಯ ಒದ್ದೆ ಬಟ್ಟೆ ತಿರುವಿ ಹಾಕಿದರು.

"ನಾನು ಬ್ಯಾರೆ ಏನೋ ತಿಳ್ಕೊಂಡಿದ್ದೆ," ಎಂದರು. "ನನ್ನ ಬಾಯಿ ವಾಸನಿ ಬರ್ತದೇನೋ ಅಂತ ಎರಡು ಸಲ ದಂತ ಡಾಕ್ಟರ್ ಕಡೆ ಹೋಗಿ ಬಂದೆ."

ಜ್ವರದಲ್ಲೂ ನಗು ಬಂತು. ಮರುದಿನ ಅವರು ಸ್ಟೋರ್‌ಕೀಪರನ ಹಳೆಯ ಸ್ಕೇಲು ತೆಗೆದು ನನ್ನ ಮೂರು ದಿನದ ಪಟ್ಟಿಗೆ ಗೆರೆ ಎಳೆದುಕೊಟ್ಟರು. ಒಂದು ಕಡೆ "ಒಳಗೆ ಬಂದದ್ದು", ಇನ್ನೊಂದು ಕಡೆ "ಹೊರಗೆ ಹೋದದ್ದು". ಅಳೆಯಲು ಅಡುಗೆಮನೆಯ ಗುರುತಿನ ಲೋಟವೊಂದನ್ನು ಕಾಯಂ ಆಗಿ ಬಚ್ಚಲಿಗೆ ವರ್ಗ ಮಾಡಿದರು. ಪಟ್ಟಿ ನೋಡಿದಾಗ ನನಗೇ ಗಾಬರಿ. ಸೈಟಿನ ದಿನಗಳಲ್ಲಿ ಸಂಜೆವರೆಗೆ ಎರಡು ಚಹಾ, ಒಂದು ಲೋಟ ನೀರು, ಅಷ್ಟೇ. ಫಿಸಿಯೋ ಆ ಪಟ್ಟಿ ಹಿಡಿದು ಅಭ್ಯಾಸ ಮಾಡಿಸಿದಳು: ದಿನವಿಡೀ ಸ್ವಲ್ಪ ಸ್ವಲ್ಪ ನೀರು, ಗಡಿಯಾರ ನೋಡಿ ಹೋಗುವುದು, ಅವಸರ ಬಂದರೆ ನಿಂತಲ್ಲೇ ನಿಂತು ಸ್ನಾಯು ಬಿಗಿಹಿಡಿದು ಅದು ಇಳಿಯುವ ತನಕ ಕಾಯುವುದು, ಮೆಲ್ಲಗೆ ಅಂತರ ಹೆಚ್ಚಿಸುವುದು. ಕ್ರೀಮನ್ನು ಮತ್ತೆ ಮೊದಲಿನಿಂದ ಶುರುಮಾಡಿದೆ. ಆರನೆಯ ವಾರ ಉರಿ ಹೋಯಿತು. ಸಂಕ್ರಾಂತಿ ಕಳೆದು ತಿಂಗಳಾಗುವ ಹೊತ್ತಿಗೆ ಎರಡು ತಾಸು ನಿಶ್ಚಿಂತೆಯಾಗಿ ಇರಬಲ್ಲವಳಾದೆ. ಎರಡು ತಾಸು, ಹಿಂದೆ ತಡೆಯುತ್ತಿದ್ದ ಏಳಲ್ಲ. ಅಂದರೆ ಸೈಟಿನಲ್ಲಿ ಬಾತ್‌ರೂಮು ಬೇಕೇ ಬೇಕು.

ಸೇಲ್ಸ್ ಮುಖ್ಯಸ್ಥನನ್ನು ಕಂಡು ಎರಡು ಶರತ್ತು ಇಟ್ಟೆ. ಒಂದು, ಡೊಂಬಿವಲಿ ಬಿಡುವ ಮೊದಲೇ ನಾನು ಕಳಿಸುವ ಗಿರಾಕಿಗಳ ಹೆಸರಿಗೆ ಅವನು ಫೋನಿನಲ್ಲಿ "ಬರೆದುಕೊಂಡೆವು" ಎಂದು ಉತ್ತರ ಹಾಕಬೇಕು, ನಾನು ಎದ್ದುಹೋದರೂ ಅವರು ನನ್ನವರೇ. ಎರಡು, ಹೆಂಗಸರಿಗೆ ನೀರು, ಚಿಲಕ ಇರುವ ಬಾತ್‌ರೂಮು.

ಅವನು ನಕ್ಕ. "ಅಕ್ಕಾ, ಫ್ಲ್ಯಾಟ್ ಮಾರಲು ಬರುತ್ತೀರೋ ಇಲ್ಲ..." ಎಂದು ಉಳಿದದ್ದನ್ನು ಕೈಸನ್ನೆಯಲ್ಲಿ ಮುಗಿಸಿದ.

"ಎರಡಕ್ಕೂ," ಎಂದೆ. "ನಿನ್ನ ತಾಯಿ ಬಂದರೆ ಎಲ್ಲಿಗೆ ಕಳಿಸ್ತೀ?"

ಅವನ ನಗು ನಿಂತಿತು. "ಲಾಂಚಿನ ಹೊತ್ತಿಗೆ ಎರಡೂ ಆಗುತ್ತದೆ. ಮಾತು," ಎಂದ.

ಪಾಡ್ವಾದ ಬೆಳಿಗ್ಗೆ ಟೆಂಪೋ ಟ್ರಾವೆಲರ್‌ನಲ್ಲಿ ಆರು ಕುಟುಂಬಗಳು, ಹದಿನಾಲ್ಕು ಜನ. ಆರೂ ಹೆಸರಿಗೆ "ಬರೆದುಕೊಂಡೆವು" ಎಂಬ ಉತ್ತರ ಬಂದಿತ್ತು. ಅರ್ಧ ಗೆದ್ದೆ ಎಂದುಕೊಂಡೆ. ಕಲ್ಯಾಣದಲ್ಲಿ ಗಾಡಿ ನಿಂತಾಗ ಅವನಿಗೆ ಮೆಸೇಜು ಹಾಕಿದೆ: "ಬಾತ್‌ರೂಮಿನ ಫೋಟೋ ಕಳಿಸು." ಎರಡು ನಿಮಿಷದಲ್ಲಿ ಬಂತು. ಬಿಳಿ ಕಮೋಡು, ಹೊಳೆಯುವ ನಲ್ಲಿ, ಫ್ಲಶ್ ಟ್ಯಾಂಕಿನ ಮೇಲೆ ನೇರಳೆ ಆರ್ಕಿಡ್.

ಆ ಹೂವನ್ನು ನಾನು ಮರೆಯುವುದುಂಟೇ? ಹೋಗಬಹುದಿತ್ತು. ಎರಡು ತಾಸು ತಡೆಯುವ ಶಕ್ತಿ ನನಗಿತ್ತು, ಸ್ವಲ್ಪ ಎಳೆದರೆ ಮೂರು. ಗಿರಾಕಿಗಳ ಹೆಸರೂ ಭದ್ರವಾಗಿತ್ತು. ಆಗ ನನ್ನ ಹಿಂದಿನ ಸೀಟಿನಲ್ಲಿದ್ದ ವಿಜಯಪುರದ ಅಜ್ಜಿಗೆ ಅವರ ಸೊಸೆ ನೀರಿನ ಬಾಟಲಿ ಚಾಚಿದಳು. ಅಜ್ಜಿ ಕೈ ಅಡ್ಡ ಹಿಡಿದರು.

"ಒಲ್ಲ್ಯವ್ವಾ. ಅಲ್ಲಿ ಹ್ಯಾಂಗೈತೋ ಏನೋ. ಮುಂಜಾನಿಂದ ಹನಿ ಮುಟ್ಟಿಲ್ಲ ನಾ."

ನಾನು ಎದ್ದು ನಿಂತು ತಿರುಗಿದೆ. "ಇವತ್ತು ಮನೆ ಬಿಟ್ಟ ಮೇಲೆ ನೀರು ಕುಡಿದವರು ಕೈ ಎತ್ತಿ."

ಗಂಡಸರ ಕೈಗಳು ಎದ್ದವು. ಹೆಂಗಸರು ಏಳು ಜನ. ಒಬ್ಬಳೂ ಎತ್ತಲಿಲ್ಲ. ಹಸುಗೂಸಿಗೆ ಹಾಲು ಕುಡಿಸುತ್ತಿದ್ದವಳೂ ಎತ್ತಲಿಲ್ಲ.

ಶಹಾಡಿನಲ್ಲಿ ಮುಗಿಯುತ್ತ ಬಂದ ಇನ್ನೊಂದು ಕಟ್ಟಡವಿತ್ತು. ಅಲ್ಲಿನ ಎಂಜಿನಿಯರಿಗೆ ಫೋನ್ ಹಚ್ಚಿ, "ಫೋಟೋ ಬೇಡ. ನಲ್ಲಿ ಬಿಟ್ಟು ವಿಡಿಯೋ ಕಳಿಸಿ," ಎಂದೆ. ಬಂತು. ನೀರು ಬಕೆಟ್ಟಿಗೆ ದಬದಬ ಬೀಳುತ್ತಿತ್ತು. ಚಿಲಕ ಹಾಕಿ ತೆಗೆದೂ ತೋರಿಸಿದ್ದ. ವಿಷಯ ಏನೆಂದು ಗಾಡಿಯಲ್ಲಿದ್ದವರಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ, ನನ್ನ ಕಥೆಯನ್ನೂ ಸೇರಿಸಿ. ಒಬ್ಬ ಗಂಡಸು, "ಬಾಯೀ, ಟಿಟ್ವಾಳಾ ಸಸ್ತಾ ಅದ, ಒಂದು ಬಾತ್‌ರೂಮಿನ ಸಲುವಾಗಿ..." ಎಂದು ಶುರುಮಾಡಿದ. ಅಜ್ಜಿ ಅವನತ್ತ ತಿರುಗಿದರು. "ಏ ತಮ್ಮಾ, ನಿನಗ ಗ್ವಾಡಿ ಸಾಕು. ನಮಗ ಸಾಕಾಗಂಗಿಲ್ಲ. ನಡಿಯೋ ಡ್ರೈವರ್, ಶಹಾಡಿಗೆ."

ಶಹಾಡಿನಲ್ಲಿ ಎರಡು ಕುಟುಂಬ ಬುಕ್ ಮಾಡಿದವು. ಉಳಿದ ನಾಲ್ಕಕ್ಕೆ ಅಲ್ಲಿನ ಬೆಲೆ ಕೈಗೆ ಎಟುಕಲಿಲ್ಲ. ಅವರಲ್ಲಿ ಮೂವರು ಮುಂದಿನ ವಾರ ಬೇರೆ ದಲಾಲಿಯ ಮೂಲಕ ಟಿಟ್ವಾಳಾದಲ್ಲೇ ಕೊಂಡರು. ಮಧ್ಯಾಹ್ನವೇ ಸೇಲ್ಸ್ ಮುಖ್ಯಸ್ಥನ ಫೋನು. "ಅಕ್ಕಾ, ನಿಮ್ಮ ಹೆಸರು ನಮ್ಮ ಪಟ್ಟಿಯಿಂದ ತೆಗೆದಿದ್ದೇವೆ. ಲಾಂಚಿನ ದಿನ ಖಾಲಿ ಕುರ್ಚಿ ತೋರಿಸಿದಿರಿ."

"ನೀನು ಖಾಲಿ ನಲ್ಲಿ ತೋರಿಸಿದಿ," ಎಂದು ಫೋನ್ ಇಟ್ಟೆ. ಆ ಬಿಲ್ಡರನ ಎಂಟು ವರ್ಷದ ಪರಿಚಯ ಅಲ್ಲಿಗೆ ಮುಗಿಯಿತು. ನಷ್ಟವಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ, ದೊಡ್ಡ ನಷ್ಟವೇ. ಮತ್ತೆ ಅದೇ ಕಲ್ಯಾಣದಲ್ಲಿ ಅದೇ ಫೋಟೋ ಬಂದರೆ ಗಾಡಿಯನ್ನು ಮತ್ತೆ ತಿರುಗಿಸುತ್ತೇನೆ. ಈಗ ಈ ಕಸುಬಿನಲ್ಲಿ ಇನ್ನಿಬ್ಬರು ಹೆಂಗಸರು ಸೈಟಿಗೆ ಹೊರಡುವ ಮೊದಲು ವಿಡಿಯೋ ಕೇಳುತ್ತಾರೆ. "ಆ ಕನ್ನಡದ ಮೇಡಂ ಮಾರ್ಕೆಟ್ ಕೆಡಿಸಿದಳು" ಎಂದು ಅವನು ಹೇಳಿಕೊಂಡು ತಿರುಗುತ್ತಾನಂತೆ. ಹೇಳಲಿ.

ಹಾಲ್‌ನಲ್ಲಿದ್ದ ಹಾಸಿಗೆ ಒಳಗೆ ಬಂದಿದೆ. ಸಕ್ಕರೆ ಇನ್ನೂ ಗಡಿಯ ಮೇಲೇ ನಿಂತು ಒಳಗೆ ಇಣುಕುತ್ತಿದೆ. ಬೆಳಿಗ್ಗೆ ಇಬ್ಬರೂ ನಡೆಯುತ್ತೇವೆ, ಚಹಾ ಕಹಿಯದ್ದೇ ಕುಡಿಯುತ್ತೇವೆ, ಅವರು ಮುಖ ಕಿವಿಚುತ್ತಾರೆ.

ಈಗ ನಿಮಗೆ. ಮುಟ್ಟು ನಿಂತ ಮೇಲೆ ಉರಿ, ಅವಸರ, ಸೋರುವುದು, ಕೂಡುವಾಗ ನೋವು ಬಂದರೆ ವಯಸ್ಸು ಎಂದು ತಳ್ಳಿಹಾಕಬೇಡಿ, ಅದಕ್ಕೆ ಔಷಧವಿದೆ. ಕಲ್ಚರ್ ಇಲ್ಲದೆ ಎರಡನೆಯ ಸಲ ಆಂಟಿಬಯಾಟಿಕ್ ಬರೆದರೆ ಯಾಕೆಂದು ಕೇಳಿ. ಸಕ್ಕರೆಯನ್ನೂ ಜೊತೆಗೇ ನೋಡಿಸಿ. ಮುಟ್ಟು ನಿಂತು ವರ್ಷದ ಮೇಲೆ ಒಂದು ಹನಿ ರಕ್ತ ಕಂಡರೂ ಅದೇ ವಾರ ಡಾಕ್ಟರ ಹತ್ತಿರ ಹೋಗಿ. ನನಗೆ ಕೊಟ್ಟ ಕ್ರೀಮು ನಿಮಗೂ ಆಗುತ್ತದೆಂದು ನನ್ನ ಮಾತು ಕೇಳಿ ಕೊಳ್ಳಬೇಡಿ, ಪರೀಕ್ಷೆ ಮಾಡಿಸಿ ಕೇಳಿ. ಅಂಗಡಿಯವನು ಹೆದರಿಸಿದರೆ ಬರೆದುಕೊಟ್ಟವರಿಗೆ ಫೋನ್ ಮಾಡಿ. ಗಂಡನಿಗೆ ಮೊದಲ ವಾರವೇ ಹೇಳಿ, ಇಲ್ಲದಿದ್ದರೆ ಆ ಮನುಷ್ಯ ಸುಮ್ಮನೆ ದಂತ ಡಾಕ್ಟರ ಹತ್ತಿರ ಅಲೆಯುತ್ತಾನೆ.

ಇನ್ನು, ಎಲ್ಲೇ ಫ್ಲ್ಯಾಟು ನೋಡಲು ಹೋಗಿ, ಮನೆಯಲ್ಲಿ ಹೊಟ್ಟೆ ತುಂಬ ನೀರು ಕುಡಿದೇ ಹೊರಡಿ. ಬೆಲೆ ಆಮೇಲೆ ಕೇಳಿ. ಮೊದಲು ಬಾತ್‌ರೂಮು ಎಲ್ಲಿ ಎಂದು ಎಲ್ಲರಿಗೂ ಕೇಳಿಸುವ ಹಾಗೆ ಕೇಳಿ, ಒಳಗೆ ಹೋಗಿ, ನಲ್ಲಿ ತಿರುಗಿಸಿ. ನೀರು ಬಂದರೆ ಮಾತಿಗೆ ಕೂತುಕೊಳ್ಳಿ.